ಮ್ಯಾಗ್ನೆಟ್ ಹಿಡಿದ ವಾಚು: ರಥಬೀದಿಯ ಅಂಗಡಿಯೋ, ನೀಲಿ ಡಬ್ಬಿಯೋ, ಹೊಸ ವಾಚೋ?

ನಿನ್ನೆಯವರೆಗೆ ಸರಿಯಾಗಿ ಓಡುತ್ತಿದ್ದ ಕೀ ಕೊಡುವ ವಾಚು ಇದ್ದಕ್ಕಿದ್ದ ಹಾಗೆ ದಿನಕ್ಕೆ ಐದು ನಿಮಿಷ ಮುಂದೆ ಹೋಗಲು ಶುರು ಮಾಡಿದರೆ ಅದನ್ನು ಸರ್ವಿಸ್‌ಗೆ ಕೊಡಬೇಡಿ. ಹಿಂದಿನ ಮುಚ್ಚಳವನ್ನೂ ತೆಗೆಸಬೇಡಿ. ಮೊದಲು ಅದರ ಮ್ಯಾಗ್ನೆಟ್, ಅಂದರೆ ಒಳಗಿನ ಲೋಹಕ್ಕೆ ಹಿಡಿದ ಅಯಸ್ಕಾಂತ ಗುಣ, ತೆಗೆಸಿ ನೋಡಿ. ಅದು ಕೆಲವೇ ಸೆಕೆಂಡಿನ ಕೆಲಸ. ವಾಚಿನ ಒಳಗೆ ಯಾರೂ ಕೈ ಹಾಕಬೇಕಾಗಿಲ್ಲ.

ಕರಾವಳಿಯವರಿಗೆ ಈ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕು. ಅಜ್ಜನ ಎಚ್‌ಎಂಟಿ ಜನತಾ, ಮಾವನೋ ಚಿಕ್ಕಪ್ಪನೋ ಗಲ್ಫಿನಿಂದ ತಂದ ಸೀಕೊ 5, ಇವೆರಡರಲ್ಲಿ ಒಂದಾದರೂ ಇಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ಉಂಟು. ಈಗಿನ ಮಕ್ಕಳು ಅವನ್ನು ಹೊರಗೆ ತೆಗೆದು ಕಟ್ಟುತ್ತಿದ್ದಾರೆ. ಒಳ್ಳೆಯದೇ. ಆದರೆ ಆ ವಾಚುಗಳ ಕಾಲದಲ್ಲಿ ಮೊಬೈಲ್ ಇರಲಿಲ್ಲ, ಮುಚ್ಚಿದರೆ ಟಪ್ ಅಂತ ಅಂಟಿಕೊಳ್ಳುವ ಫೋನ್ ಕವರ್ ಇರಲಿಲ್ಲ, ಲ್ಯಾಪ್‌ಟಾಪ್ ಇರಲಿಲ್ಲ. ಈಗ ರಾತ್ರಿ ವಾಚು ಬಿಚ್ಚಿಡುವ ಮೇಜಿನ ಮೇಲೆ ಇವೆಲ್ಲ ಒಟ್ಟಿಗೆ ಬಿದ್ದಿರುತ್ತವೆ.

ಒತ್ತಿ ಹೇಳಲು ಇನ್ನೊಂದು ಕಾರಣ ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ಅದರ ಮೇಲೆ ಸಮುದ್ರದ ಉಪ್ಪು ಗಾಳಿ, ಬೆವರು. ಇಲ್ಲಿ ವಾಚನ್ನು ಸಾಯಿಸುವುದು ತೇವ, ಮ್ಯಾಗ್ನೆಟ್ ಅಲ್ಲ. ಮ್ಯಾಗ್ನೆಟ್ ಹಿಡಿದ ವಾಚು ಗುಣವಾಗುತ್ತದೆ, ತುಕ್ಕು ಹಿಡಿದ ವಾಚು ಗುಣವಾಗುವುದಿಲ್ಲ. ಹಾಗಾಗಿ ಮುಚ್ಚಳ ತೆರೆಯದೆ ಮುಗಿಯುವ ಕೆಲಸಕ್ಕೆ ಮುಚ್ಚಳ ತೆರೆಸುವುದು, ಅದೂ ಜುಲೈ ತಿಂಗಳಲ್ಲಿ, ಬೇಡವೇ ಬೇಡ. ಮುಂದಿನ ಆಯ್ಕೆಗಳನ್ನೆಲ್ಲ ನಾನು ಅಳೆದದ್ದು ಈ ಲೆಕ್ಕದಲ್ಲೇ.

ಒಳಗೆ ಆಗುವುದೇನು

ವಾಚಿನ ಒಳಗೆ ಬ್ಯಾಲೆನ್ಸ್ ಎಂಬ ಚಕ್ರ ಆಚೆ ಈಚೆ ತಿರುಗುತ್ತಿರುತ್ತದೆ. ಎಚ್‌ಎಂಟಿ ಜನತಾದಲ್ಲಿ ಗಂಟೆಗೆ 18,000 ಬೀಟ್, ಸೀಕೊ 5ರಲ್ಲಿ 21,600, ಇವತ್ತಿನ ಅನೇಕ ಸ್ವಿಸ್ ವಾಚುಗಳಲ್ಲಿ 28,800. ಆ ಚಕ್ರವನ್ನು ಪ್ರತಿ ಸಲ ವಾಪಸ್ ಎಳೆಯುವುದು ಹೇರ್‌ಸ್ಪ್ರಿಂಗ್. ಬಹಳ ತೆಳುವಾದ ಲೋಹದ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿದ್ದು. ಇದಕ್ಕೆ ಮ್ಯಾಗ್ನೆಟ್ ಹಿಡಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ ಭಾಗ ಕೆಲಸ ಮಾಡುವುದಿಲ್ಲ. ಸ್ಪ್ರಿಂಗ್ ಗಿಡ್ಡವಾದಷ್ಟೂ ಬಿಗಿ, ಬಿಗಿಯಾದಷ್ಟೂ ಚಕ್ರ ಬೇಗ ಬೇಗ ತಿರುಗುತ್ತದೆ. ವಾಚು ಮುಂದೆ ಓಡುತ್ತದೆ. ಕೆಲವೊಮ್ಮೆ ಹಿಂದೆ ಬೀಳುವುದೂ ಉಂಟು, ಜೋರಾಗಿ ಹಿಡಿದರೆ ನಿಂತೇ ಹೋಗುವುದೂ ಉಂಟು. ಆದರೆ ಹೆಚ್ಚಿನ ಸಲ ಮುಂದೆ ಓಡುವುದೇ ದೂರು.

ದಿನಕ್ಕೆ ಐದು ನಿಮಿಷ ಎಂದರೆ ಭಾರೀ ಕೇಳಿಸುತ್ತದೆ. ಒಂದು ದಿನಕ್ಕೆ 86,400 ಸೆಕೆಂಡು, ಅದರಲ್ಲಿ ಮುನ್ನೂರು ಅಂದರೆ ಶೇಕಡಾ 0.35 ಮಾತ್ರ. ಸ್ಪ್ರಿಂಗಿನಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಆದರೂ ಕೈಯಲ್ಲಿರುವವನಿಗೆ ಬಸ್ಸು ತಪ್ಪಿಸುವಷ್ಟು ಗೊತ್ತಾಗುತ್ತದೆ.

ಹಳೆಯ ಕಾಲದಲ್ಲಿ ಈ ಸ್ಪ್ರಿಂಗ್ ಉಕ್ಕಿನದು. ಆಮೇಲೆ ಬಿಸಿಲಿಗೂ ಚಳಿಗೂ ಹೆಚ್ಚು ಬದಲಾಗದ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳು ಬಂದವು. ಈ ಮಿಶ್ರಲೋಹಗಳ ಕೆಲಸಕ್ಕೆ ಸ್ವಿಸ್ ವಿಜ್ಞಾನಿ ಷಾರ್ಲ್ ಎದುವಾರ್ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. 1930ರ ದಶಕದಲ್ಲಿ ನಿವಾರಾಕ್ಸ್ ಎಂಬ ಮಿಶ್ರಲೋಹ ಬಂತು. ಈಗಲೂ ಬಹಳಷ್ಟು ವಾಚುಗಳಲ್ಲಿ ಇರುವುದು ಅದರ ಸಂತಾನವೇ. ಬರೀ ಉಕ್ಕಿಗಿಂತ ವಾಸಿ, ಆದರೆ ಒಳಗೆ ಕಬ್ಬಿಣ ಇರುವ ತನಕ ಮ್ಯಾಗ್ನೆಟ್‌ಗೆ ಸ್ವಲ್ಪವಾದರೂ ಸೋಲುತ್ತದೆ.

ಸೆಲ್ ಹಾಕುವ ಕ್ವಾರ್ಟ್ಜ್ ವಾಚಿಗೆ ಈ ತೊಂದರೆ ಇಲ್ಲ. ಜೋರಾದ ಮ್ಯಾಗ್ನೆಟ್ ಹತ್ತಿರ ಇಟ್ಟರೆ ಮುಳ್ಳು ನಿಲ್ಲಬಹುದು. ದೂರ ತೆಗೆದರೆ ಮತ್ತೆ ಓಡುತ್ತದೆ, ಟೈಮ್ ಸರಿ ಮಾಡಿದರೆ ಆಯಿತು.

ನಿಜವಾಗಿಯೂ ಮ್ಯಾಗ್ನೆಟ್ಟೇ ಹೌದಾ?

ದುಡ್ಡು ಖರ್ಚು ಮಾಡುವ ಮೊದಲು ಇದನ್ನು ತಿಳಿದುಕೊಳ್ಳಬೇಕು. ಮೊದಲು ವಾಚಿನ ಹಳೆಯ ನಡತೆ ನೆನಪು ಮಾಡಿಕೊಳ್ಳಿ. ಗಲ್ಫ್ ಸೀಕೊಗಳಲ್ಲಿ ಬಹಳ ಕಾಣುವ 7ಎಸ್26 ಎಂಬ ಮೆಷಿನ್‌ಗೆ ಕಂಪನಿಯೇ ದಿನಕ್ಕೆ 40 ಸೆಕೆಂಡು ಮುಂದೆ, 20 ಸೆಕೆಂಡು ಹಿಂದೆ ಎಂದು ಅವಕಾಶ ಕೊಟ್ಟಿದೆ. ಹಾಗಾಗಿ ದಿನಕ್ಕೆ ಅರ್ಧ ನಿಮಿಷ ಮುಂದೆ ಹೋದರೆ ಅದು ರೋಗ ಅಲ್ಲ, ಅದರ ಸ್ವಭಾವ. ಆದರೆ ಹದಿನೈದು ಸೆಕೆಂಡು ಮುಂದೆ ಹೋಗುತ್ತಿದ್ದದ್ದು ಒಂದೇ ರಾತ್ರಿಯಲ್ಲಿ ಮೂರು ನಿಮಿಷಕ್ಕೆ ಹಾರಿದರೆ ಅನುಮಾನ ಪಡಬೇಕು. ಇಲ್ಲಿ ಮುಖ್ಯ ಸುಳಿವು 'ಒಂದೇ ರಾತ್ರಿ' ಎಂಬುದು. ಎಣ್ಣೆ ಒಣಗಿ ಬರುವ ತೊಂದರೆ ತಿಂಗಳುಗಟ್ಟಲೆ ನಿಧಾನಕ್ಕೆ ಬರುತ್ತದೆ, ಮ್ಯಾಗ್ನೆಟ್ ಹಾಗಲ್ಲ.

ಇದೇ ರೀತಿ ದಿಢೀರ್ ಮುಂದೆ ಓಡಿಸುವ ಇನ್ನೊಂದು ಕಾರಣ ಪೆಟ್ಟು. ವಾಚು ಸಿಮೆಂಟ್ ನೆಲಕ್ಕೆ ಬಿದ್ದರೆ ಹೇರ್‌ಸ್ಪ್ರಿಂಗಿನ ಸುತ್ತು ಸಿಕ್ಕು ಹಾಕಿಕೊಂಡು ಇದೇ ಲಕ್ಷಣ ತೋರಿಸುತ್ತದೆ. ಬಿದ್ದದ್ದು ನೆನಪಿದ್ದರೆ ಮ್ಯಾಗ್ನೆಟ್ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಗಾಜಿನ ಒಳಗೆ ಮಂಜು ಕಂಡರೆ ಈ ಲೇಖನವನ್ನೇ ಬದಿಗಿಡಿ. ಅದು ನೀರು ಹೊಕ್ಕ ವಾಚು, ಅವತ್ತೇ ರಿಪೇರಿಯವರ ಬಳಿ ಹೋಗಬೇಕು.

ಪರೀಕ್ಷೆಗೆ ದಿಕ್ಸೂಚಿ ಸಾಕು. ಮಲ್ಪೆಯ ಬೋಟುಗಳಲ್ಲಿ ಇರುವಂಥ ದೊಡ್ಡದು ಬೇಡ, ಪುಸ್ತಕದ ಅಂಗಡಿಯಲ್ಲಿ ಸಿಗುವ ಮಕ್ಕಳ ದಿಕ್ಸೂಚಿಯೇ ಆಗುತ್ತದೆ. ಮರದ ಮೇಜಿನ ಮೇಲೆ ಇಟ್ಟು ಮುಳ್ಳು ನಿಲ್ಲಲು ಬಿಡಿ. ವಾಚನ್ನು ಪೂರ್ವದ ಕಡೆಯಿಂದಲೋ ಪಶ್ಚಿಮದ ಕಡೆಯಿಂದಲೋ ನಿಧಾನಕ್ಕೆ ಹತ್ತಿರ ತನ್ನಿ, ಹತ್ತಿರ ಇಟ್ಟುಕೊಂಡೇ ಸುತ್ತಲೂ ತಿರುಗಿಸಿ. ಮುಳ್ಳು ಒಂದೇ ಕಡೆ ಸ್ವಲ್ಪ ವಾಲಿದರೆ ಅದು ಬರೀ ಉಕ್ಕಿನ ಸೆಳೆತ ಇರಬಹುದು. ವಾಚು ತಿರುಗಿಸಿದ ಹಾಗೆ ಮುಳ್ಳು ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಓಡಿದರೆ ಮ್ಯಾಗ್ನೆಟ್ ಹಿಡಿದಿದೆ. ಮನೆಯಲ್ಲಿ ಸರಿಯಾಗಿ ಓಡುವ ಇನ್ನೊಂದು ವಾಚು ಇದ್ದರೆ ಅದನ್ನೂ ತೋರಿಸಿ ಹೋಲಿಸಿ ನೋಡಿ, ವ್ಯತ್ಯಾಸ ಎದ್ದು ಕಾಣುತ್ತದೆ.

ಫೋನಿನಲ್ಲೂ ಇದಕ್ಕೆ ಆ್ಯಪ್ ಉಂಟು. ಲೆಪ್ಸಿ ಎಂಬುದು ವಾಚಿನ ಮ್ಯಾಗ್ನೆಟ್ ಅಳೆಯಲಿಕ್ಕೆಂದೇ ಮಾಡಿದ್ದು. ಫೋನಿನ ಒಳಗಿನ ದಿಕ್ಸೂಚಿ ಸೆನ್ಸರನ್ನು ಅದು ಬಳಸುತ್ತದೆ. ನನಗೆ ಇದರಲ್ಲಿ ಒಂದೇ ತಕರಾರು. ಫೋನಿನ ಸ್ಪೀಕರಿನಲ್ಲೂ ಮ್ಯಾಗ್ನೆಟ್ ಇರುತ್ತದೆ. ಅನುಮಾನ ಇರುವ ವಾಚನ್ನು ತಂದು ಫೋನಿನ ಮೈಗೆ ಉಜ್ಜುವುದು ಯಾಕೆ? ಮಕ್ಕಳ ದಿಕ್ಸೂಚಿಯೇ ವಾಸಿ.

ಮೊದಲ ಆಯ್ಕೆ: ರಿಪೇರಿ ಅಂಗಡಿ

ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತ, ಉಡುಪಿಯ ರಥಬೀದಿಯ ಆಚೀಚೆ ಇನ್ನೂ ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಕೂರುವ ವಾಚ್ ರಿಪೇರಿಯವರು ಇದ್ದಾರೆ. ಈಗ ಅವರ ದಿನದ ಕೆಲಸ ಸೆಲ್ ಬದಲಿಸುವುದು, ಬೆಲ್ಟ್ ಹಾಕುವುದು. ಆದರೆ ಹಳಬರ ಮೇಜಿನ ಡ್ರಾಯರಿನಲ್ಲಿ ಮ್ಯಾಗ್ನೆಟ್ ತೆಗೆಯುವ ಮೆಷಿನ್ ಇರುವ ಸಾಧ್ಯತೆ ಹೆಚ್ಚು. ಯಾಕೆಂದರೆ ಅವರಿಗೇ ಅದು ಬೇಕು. ಸ್ಕ್ರೂಡ್ರೈವರ್, ಚಿಮಟಗಳಿಗೆ ಮ್ಯಾಗ್ನೆಟ್ ಹಿಡಿದರೆ ಸಣ್ಣ ಸ್ಕ್ರೂಗಳೆಲ್ಲ ಅಂಟಿಕೊಂಡು ಕೆಲಸ ಸಾಗುವುದಿಲ್ಲ.

ಕೇಳುವ ರೀತಿಯಲ್ಲಿ ಸ್ವಲ್ಪ ಜಾಣತನ ಬೇಕು. "ವಾಚು ಫಾಸ್ಟ್ ಹೋಗ್ತಾ ಉಂಟು, ಸ್ವಲ್ಪ ನೋಡಿ" ಎಂದರೆ ಅವರು ಮೊದಲು ಮುಚ್ಚಳ ತೆಗೆಯುತ್ತಾರೆ. ತೆಗೆದವರು ವಾಚಿನ ವೇಗ ಹೊಂದಿಸುವ ಸಣ್ಣ ಕಡ್ಡಿಯನ್ನು, ಅಂದರೆ ರೆಗ್ಯುಲೇಟರನ್ನು, ಸ್ಲೋ ಕಡೆಗೆ ತಳ್ಳಿ, ಟೈಮ್ ಸರಿ ಮಾಡಿ ಕೊಟ್ಟುಬಿಡುವುದೂ ಉಂಟು. ಆಗ ಲಕ್ಷಣ ಹೋಯಿತು, ಕಾಯಿಲೆ ಒಳಗೇ ಉಳಿಯಿತು. ಮುಂದೆ ಯಾವತ್ತೋ ಮ್ಯಾಗ್ನೆಟ್ ಹೋದಾಗ ಅದೇ ವಾಚು ಹಿಂದೆ ಬೀಳಲು ಶುರು ಮಾಡುತ್ತದೆ. ಅದರ ಬದಲು ನೇರವಾಗಿ ಕೇಳಿ: "ಅಣ್ಣ, ಡಿಮ್ಯಾಗ್ನೆಟ್ ಮಾಡುವ ಮೆಷಿನ್ ಉಂಟಾ? ಓಪನ್ ಮಾಡುವುದು ಬೇಡ, ಅಷ್ಟು ಮಾತ್ರ ಮಾಡಿ ಕೊಡಿ." ಇದ್ದರೆ ನಿಮ್ಮ ಎದುರಿಗೇ ಮಾಡಿಕೊಡುತ್ತಾರೆ. ಪರಿಚಯದವರಾದರೆ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಕೊಟ್ಟರೂ ಸಣ್ಣ ಮೊತ್ತ. ಒಂದು ಬೆಲ್ಟೋ ಸೆಲ್ಲೋ ಅಲ್ಲೇ ತೆಗೆದುಕೊಂಡರೆ ಅವರ ವ್ಯಾಪಾರಕ್ಕೂ ಆಯಿತು.

ಟೈಮ್‌ಗ್ರಾಫರ್ ಇರುವ ಅಂಗಡಿಯಾದರೆ ಇನ್ನೂ ಒಳ್ಳೆಯದು. ಅದು ವಾಚಿನ ಟಿಕ್ ಟಿಕ್ ಕೇಳಿ ದಿನಕ್ಕೆ ಎಷ್ಟು ಸೆಕೆಂಡು ಆಚೀಚೆ ಎಂದು ಅರ್ಧ ನಿಮಿಷದಲ್ಲಿ ತೋರಿಸುವ ಮೆಷಿನ್. ಮ್ಯಾಗ್ನೆಟ್ ತೆಗೆಯುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ ಇಡಲು ಹೇಳಿ. ಪ್ಲಸ್ ಇನ್ನೂರು ತೋರಿಸುತ್ತಿದ್ದದ್ದು ಪ್ಲಸ್ ಹತ್ತಕ್ಕೆ ಇಳಿದರೆ ಮತ್ತೆ ಮಾತು ಬೇಡ.

ಕಂಪನಿಯ ಸರ್ವಿಸ್ ಸೆಂಟರ್ ವಿಷಯ ಬೇರೆ. ವಾಚು ವಾರಂಟಿಯಲ್ಲಿ ಇದ್ದರೆ ಅಲ್ಲಿಗೇ ಹೋಗಿ. ಆದರೆ ನಮ್ಮ ಊರಿನ ಶೋರೂಮಿನಲ್ಲಿ ಕೊಟ್ಟ ದುಬಾರಿ ವಾಚು ಎಷ್ಟೋ ಸಲ ಬೆಂಗಳೂರಿಗೋ ಮುಂಬೈಗೋ ಪಾರ್ಸೆಲ್ ಆಗಿ ಹೋಗುತ್ತದೆ, ಬರುವುದು ವಾರಗಟ್ಟಲೆ ಆದ ಮೇಲೆ. ಕೌಂಟರಿನಲ್ಲೇ ಮ್ಯಾಗ್ನೆಟ್ ತೆಗೆಯುವ ವ್ಯವಸ್ಥೆ ಉಂಟಾ ಎಂದು ಕೇಳಿ, ಉಂಟು ಎಂದರೆ ಮಾತ್ರ ಕೊಡಿ.

ಎರಡನೇ ಆಯ್ಕೆ: ನೀಲಿ ಡಬ್ಬಿ

ಆನ್‌ಲೈನಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಅಂಗೈ ಅಗಲದ ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿ. ಚೀನಾದ್ದು. ಮೇಲೆ ಒಂದು ಬಟನ್, ಒಂದು ಕೆಂಪು ಲೈಟು. ಬೆಲೆ ಸಾವಿರ ರೂಪಾಯಿಯ ಆಚೀಚೆ. ಕಂಡರೆ ಆಟದ ಸಾಮಾನು ಅನ್ನಿಸುತ್ತದೆ, ಆದರೆ ಕೆಲಸ ಮಾಡುತ್ತದೆ.

ಒಳಗೆ ಇರುವುದು ಒಂದು ತಾಮ್ರದ ಕಾಯಿಲ್ ಅಷ್ಟೇ. ಮನೆಯ ಕರೆಂಟು 50 ಹರ್ಟ್ಜ್. ಅಂದರೆ ಬಟನ್ ಒತ್ತಿದಾಗ ಡಬ್ಬಿಯ ಮೇಲಿನ ಅಯಸ್ಕಾಂತ ಕ್ಷೇತ್ರ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ. ವಾಚಿನ ಲೋಹವೂ ಅದರ ಜೊತೆ ಆಚೆ ಈಚೆ ತಿರುಗುತ್ತದೆ. ಬಟನ್ ಒತ್ತಿಕೊಂಡೇ ವಾಚನ್ನು ನಿಧಾನಕ್ಕೆ ದೂರ ತಂದರೆ ಪ್ರತಿ ಸಲದ ತಿರುಗು ಹಿಂದಿನದಕ್ಕಿಂತ ಸಣ್ಣದಾಗುತ್ತದೆ. ತೂಗಿ ಬಿಟ್ಟ ಉಯ್ಯಾಲೆ ತಾನಾಗಿ ನಡುವಿಗೆ ಬಂದು ನಿಲ್ಲುವ ಹಾಗೆ, ಲೋಹದ ಮ್ಯಾಗ್ನೆಟ್ ಸೊನ್ನೆಗೆ ಬಂದು ನಿಲ್ಲುತ್ತದೆ.

ಮಾಡುವ ಕ್ರಮ ಹೀಗೆ. ವಾಚನ್ನು ಡಬ್ಬಿಯ ಮೇಲೆ ಇಡಿ. ಬಟನ್ ಒತ್ತಿ, ಲೈಟ್ ಬರುತ್ತದೆ. ಒತ್ತಿದ ಕೈ ಬಿಡದೆ ಇನ್ನೊಂದು ಕೈಯಿಂದ ವಾಚನ್ನು ನೇರ ಮೇಲಕ್ಕೆ ಎತ್ತಿ. ಅವಸರ ಬೇಡ, ಮೂರು ನಾಲ್ಕು ಸೆಕೆಂಡು ತೆಗೆದುಕೊಂಡು ಒಂದೂವರೆ ಅಡಿಯಷ್ಟು ದೂರ ತನ್ನಿ. ಆಮೇಲೆ ಬಟನ್ ಬಿಡಿ. ವಾಚು ಡಬ್ಬಿಯ ಮೇಲೆ ಇರುವಾಗಲೇ ಬಟನ್ ಬಿಟ್ಟರೆ ಕ್ಷೇತ್ರ ಎಲ್ಲಿತ್ತೋ ಅಲ್ಲೇ ನಿಂತು, ಮೊದಲಿಗಿಂತ ಜಾಸ್ತಿ ಮ್ಯಾಗ್ನೆಟ್ ಹಿಡಿಯಬಹುದು. "ಈ ಡಬ್ಬಿ ದಂಡ ಮಾರಾಯ್ರೆ, ವಾಚು ಇನ್ನೂ ಫಾಸ್ಟ್ ಆಯ್ತು" ಎಂದು ದೂರುವವರಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ಮಳೆಗಾಲದಲ್ಲಿ ನಮಗೆ ಇನ್ನೊಂದು ತಾಪತ್ರಯ ಉಂಟು. ಬಟನ್ ಒತ್ತಿದ್ದಾಗಲೇ ಕರೆಂಟ್ ಹೋದರೆ ಅದೂ ಬಟನ್ ಬಿಟ್ಟ ಹಾಗೆಯೇ. ಗಾಬರಿ ಬೇಡ, ಕರೆಂಟ್ ಬಂದ ಮೇಲೆ ಮತ್ತೊಮ್ಮೆ ಮೊದಲಿಂದ ಮಾಡಿ.

ಒಮ್ಮೆ ಮುಖ ಮೇಲೆ ಮಾಡಿ, ಒಮ್ಮೆ ಮಗ್ಗುಲಾಗಿ ಹಿಡಿದು ಮಾಡಿದರೆ ಇನ್ನೂ ಒಳ್ಳೆಯದು. ವಾಚು ಓಡುತ್ತಿದ್ದರೂ ಪರವಾಗಿಲ್ಲ, ಬೆಲ್ಟ್ ಬಿಚ್ಚಬೇಕಾಗಿಲ್ಲ. ಬಟನ್ ಒತ್ತಿಕೊಂಡೇ ಕೂರಬೇಡಿ, ಕಾಯಿಲ್ ಬೇಗ ಬಿಸಿಯಾಗುತ್ತದೆ. ನಡುವೆ ಸ್ವಲ್ಪ ಹೊತ್ತು ಬಿಡಿ.

ಡಬ್ಬಿಯ ಕೊರತೆಗಳನ್ನೂ ಹೇಳಬೇಕು. ವೈರು, ಪ್ಲಗ್ಗು ಬಹಳ ಸಾಧಾರಣ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ಕೆಲಸ ಮುಗಿದ ಕೂಡಲೇ ಪ್ಲಗ್ ತೆಗೆಯಿರಿ. ಕ್ವಾರ್ಟ್ಜ್ ವಾಚು, ಸ್ಮಾರ್ಟ್ ವಾಚು, ಎಟಿಎಂ ಕಾರ್ಡು ಇವನ್ನು ಇದರ ಮೇಲೆ ಇಡಬಾರದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಬಳಸುವುದು ಬೇಡ, ಬೇರೆಯವರ ಕೈಯಲ್ಲಿ ಮಾಡಿಸಿ.

ಇದಕ್ಕಿಂತ ಮೇಲಿನ ದರ್ಜೆಯದು ಕೆಪಾಸಿಟರ್ ಇರುವ ಮೆಷಿನ್. ಜರ್ಮನಿಯ ಎಲ್ಮಾ ಕಂಪನಿಯ ಆಂಟಿಮ್ಯಾಗ್ ಈ ಜಾತಿಯದು. ವಾಚು ಒಳಗಿಟ್ಟು ಬಟನ್ ಒತ್ತಿದರೆ ಒಂದು ಪಲ್ಸ್ ಬಂದು ಅದೇ ಕ್ಷೀಣಿಸುತ್ತದೆ, ಕೈಯಿಂದ ಎತ್ತುವ ನಾಜೂಕು ಬೇಕಿಲ್ಲ. ಅಂಗಡಿಯವರಿಗೆ ಲಾಯಕ್ಕು. ಮನೆಗೆ ತರುವಷ್ಟು ಅಗ್ಗವಲ್ಲ.

ಸ್ಕ್ರೂಡ್ರೈವರಿಗೆ ಮ್ಯಾಗ್ನೆಟ್ ಹಾಕುವ, ತೆಗೆಯುವ ಸಣ್ಣ ಚೌಕದ ತುಂಡೊಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಒಳಗಿರುವುದು ಶಾಶ್ವತ ಮ್ಯಾಗ್ನೆಟ್. ವಾಚನ್ನು ಅದರ ಹತ್ತಿರ ಕೊಂಡುಹೋಗಬೇಡಿ. ಇಂಡಕ್ಷನ್ ಒಲೆಯ ಮೇಲೆ ಹಿಡಿದರೆ ಹೋಗುತ್ತದೆ ಎನ್ನುವ ಬುದ್ಧಿವಂತರೂ ಇದ್ದಾರೆ. ಕಬ್ಬಿಣದ ತಳವನ್ನು ಬಿಸಿ ಮಾಡುವುದೇ ಆ ಒಲೆಯ ಕೆಲಸ. ನಿಮ್ಮ ವಾಚು ಅಲ್ಲಿ ಎಂತ ಮಾಡಬೇಕು? ಫೋನಿನ ಆ್ಯಪ್‌ನಿಂದಲೇ ಮ್ಯಾಗ್ನೆಟ್ ತೆಗೆಯುತ್ತೇವೆ ಎನ್ನುವುದಂತೂ ಸುಮ್ನೆ ಬುರುಡೆ.

ಒಂದೇ ವಾಚು ಇರುವವರಿಗೆ ಡಬ್ಬಿ ಯಾಕೆ? ಅಂಗಡಿಯೇ ಸಾಕು. ಮೂರು ನಾಲ್ಕು ವಾಚು ಇದ್ದರೆ, ಅಥವಾ ಅಂಗಡಿ ದೂರ ಇರುವ ಕಾರ್ಕಳ, ಕುಂದಾಪುರದ ಒಳಗಿನ ಹಳ್ಳಿಗಳಲ್ಲಿದ್ದರೆ ಡಬ್ಬಿ ತರಿಸಿ. ಮಣಿಪಾಲದ ಹಾಸ್ಟೆಲಿನ ಹುಡುಗರು ಸೇರಿ ಒಂದು ತರಿಸಿಕೊಂಡರೆ ಇಡೀ ಫ್ಲೋರಿಗೆ ಆಗುತ್ತದೆ. ವರ್ಷಕ್ಕೆ ಒಂದೆರಡು ಸಲ ಬೇಕಾಗುವ ವಸ್ತು ಇದು.

ಮೂರನೇ ಆಯ್ಕೆ: ಮ್ಯಾಗ್ನೆಟ್ ಹಿಡಿಯದ ವಾಚೇ ಕೊಳ್ಳುವುದು

ಇಲ್ಲಿ ಅಂಕಿಗಳ ಆಟ ಜೋರು. ಅದನ್ನು ಬಿಡಿಸಿಕೊಂಡರೆ ದುಡ್ಡು ಉಳಿಯುತ್ತದೆ.

ಅಯಸ್ಕಾಂತ ಕ್ಷೇತ್ರದ ಬಲ ಅಳೆಯುವ ಮಾನ ಗಾಸ್. ನಮ್ಮೂರಿನಲ್ಲಿ ಭೂಮಿಯ ಅಯಸ್ಕಾಂತ ಕ್ಷೇತ್ರ ಸುಮಾರು 0.4 ಗಾಸ್. 'ಆಂಟಿಮ್ಯಾಗ್ನೆಟಿಕ್' ಎಂದು ವಾಚಿನ ಮೇಲೆ ಬರೆಯಬೇಕಾದರೆ ಐಎಸ್‌ಒ 764 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದು ಮೀಟರಿಗೆ 4,800 ಆಂಪಿಯರ್, ಅಂದರೆ ಸುಮಾರು 60 ಗಾಸ್ ತಡೆದು, ಆಮೇಲೂ ದಿನಕ್ಕೆ 30 ಸೆಕೆಂಡಿನ ಒಳಗೆ ಇರಬೇಕು. ಕೇಳಲು ಚೆನ್ನಾಗಿದೆ. ಆದರೆ ಇವತ್ತಿನ ಒಂದು ಸಣ್ಣ ನಿಯೋಡಿಮಿಯಮ್ ಮ್ಯಾಗ್ನೆಟನ್ನು ಮುಟ್ಟಿಸಿದಲ್ಲಿ ಸಾವಿರ ಗಾಸ್ ದಾಟುವುದು ದೊಡ್ಡ ವಿಷಯವೇ ಅಲ್ಲ. 60 ಗಾಸ್‌ನ ವಾಚು ಅದರ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಎಲ್ಲ ವಾಚೂ ದಿನಾ ಕೆಡಬೇಕಿತ್ತಲ್ಲ? ಕಾಪಾಡುವುದು ದೂರ. ಸಣ್ಣ ಮ್ಯಾಗ್ನೆಟ್‌ನಿಂದ ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಒಂದು ಸೆಂಟಿಮೀಟರಿನಲ್ಲಿ 200 ಗಾಸ್ ಇದ್ದರೆ ಎರಡರಲ್ಲಿ 25, ನಾಲ್ಕರಲ್ಲಿ ಮೂರು. ಜಪಾನಿನ ಮಾನದಂಡ ಇದನ್ನೇ ಬಳಕೆಯ ಮಾತಿನಲ್ಲಿ ಹೇಳುತ್ತದೆ. ಮೊದಲ ದರ್ಜೆಯ ವಾಚು, ಅಂದರೆ 4,800ರದ್ದು, ಮನೆಬಳಕೆಯ ಮ್ಯಾಗ್ನೆಟ್ ವಸ್ತುಗಳಿಂದ ಐದು ಸೆಂಟಿಮೀಟರ್ ದೂರ ಇದ್ದರೆ ಸಾಕು. ಎರಡನೇ ದರ್ಜೆಯದು 16,000, ಅದಕ್ಕೆ ಒಂದು ಸೆಂಟಿಮೀಟರ್ ಸಾಕು. ಸಿಟಿಜನ್ ಸೀರೀಸ್ 8ರ ಕೆಲವು ಮಾಡೆಲುಗಳು ಎರಡನೇ ದರ್ಜೆಯವು.

ವಾಚನ್ನು ಗಟ್ಟಿ ಮಾಡುವುದಕ್ಕೆ ಎರಡು ದಾರಿ. ಹಳೆಯದು ಮೆದು ಕಬ್ಬಿಣದ ಒಳಕವಚ. ಮೆಷಿನ್ ಸುತ್ತ ಆ ಕವಚ ಇದ್ದರೆ ಕ್ಷೇತ್ರ ಕವಚದ ಒಳಗೇ ಹರಿದು ಹೋಗುತ್ತದೆ, ಮೆಷಿನ್‌ಗೆ ತಗುಲುವುದಿಲ್ಲ. ಐಡಬ್ಲ್ಯೂಸಿ ಕಂಪನಿ 1948ರಲ್ಲಿ ಪೈಲಟ್‌ಗಳ ಮಾರ್ಕ್ 11ರಲ್ಲಿ ಇದನ್ನು ಹಾಕಿತು, 1955ರಲ್ಲಿ ಇಂಜಿನಿಯರ್ ಎಂಬ ವಾಚಿನಲ್ಲಿ. ರೋಲೆಕ್ಸ್ ಮಿಲ್‌ಗಾಸ್ 1956ರದ್ದು, ಸಾವಿರ ಗಾಸ್ ತಡೆಯುತ್ತದೆ ಎಂಬುದು ಅದರ ಹೆಸರಿನಲ್ಲೇ ಉಂಟು. 2023ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಜರ್ಮನಿಯ ಜಿನ್ ಕಂಪನಿ ಕೆಲವು ಮಾಡೆಲುಗಳಲ್ಲಿ ಈಗಲೂ ಇದೇ ದಾರಿಯಲ್ಲಿ ಸಾವಿರ ಗಾಸ್ ಕೊಡುತ್ತದೆ. ಈ ದಾರಿಯ ನಷ್ಟ ಎಂದರೆ ವಾಚು ದಪ್ಪವಾಗುತ್ತದೆ, ಹಿಂದೆ ಗಾಜು ಹಾಕಿ ಮೆಷಿನ್ ತೋರಿಸಲು ಆಗುವುದಿಲ್ಲ.

ಹೊಸ ದಾರಿ ಹೇರ್‌ಸ್ಪ್ರಿಂಗನ್ನೇ ಬದಲಿಸುವುದು. ಸಿಲಿಕಾನ್‌ಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಪಾಟೆಕ್ ಫಿಲಿಪ್, ಬ್ರೆಗೆ 2006ರಲ್ಲೇ ಸಿಲಿಕಾನ್ ಸ್ಪ್ರಿಂಗ್ ತಂದವು. ರೋಲೆಕ್ಸ್ 2000ದಿಂದ ನಯೋಬಿಯಮ್-ಜಿರ್ಕೋನಿಯಮ್ ಸ್ಪ್ರಿಂಗ್ ಬಳಸುತ್ತದೆ, ಹೆಸರು ಪ್ಯಾರಾಕ್ರೋಮ್. ಒಮೆಗಾ 2013ರಲ್ಲಿ ಸ್ಪ್ರಿಂಗ್ ಮಾತ್ರವಲ್ಲ, ಒಳಗಿನ ಬೇರೆ ಉಕ್ಕಿನ ಭಾಗಗಳನ್ನೂ ಬದಲಿಸಿ 15,000 ಗಾಸ್ ತಡೆಯುವ ಅಕ್ವಾ ಟೆರಾ ಹೊರತಂದಿತು. 15,000 ಗಾಸ್ ಎಂದರೆ 1.5 ಟೆಸ್ಲಾ, ಆಸ್ಪತ್ರೆಗಳ ಎಂಆರ್‌ಐ ಮೆಷಿನ್‌ನಷ್ಟು. ಇದನ್ನು ಓದಿ ವಾಚು ಕಟ್ಟಿಕೊಂಡೇ ಎಂಆರ್‌ಐ ಕೋಣೆಗೆ ಹೋಗಬೇಡಿ ಮತ್ತೆ. ಅಲ್ಲಿ ವಾಚಿನ ಟೈಮ್‌ಗಿಂತ ನಿಮ್ಮ ಜೀವ ಮುಖ್ಯ. ಆ ಕೋಣೆಯ ಒಳಗೆ ಲೋಹ ಹಾರುತ್ತದೆ.

ಲಕ್ಷಗಟ್ಟಲೆ ಕೊಡುವವರ ಮಾತು ಹಾಗಿರಲಿ. ಉಳಿದವರಿಗೆ ಒಳ್ಳೆಯ ಸುದ್ದಿ ನಿವಾಕ್ರಾನ್. ಟೈಟಾನಿಯಮ್ ಆಧಾರದ ಈ ಸ್ಪ್ರಿಂಗನ್ನು ಸ್ವಾಚ್ ಗ್ರೂಪ್ ಮತ್ತು ಒಡೆಮಾರ್ ಪಿಗೆ ಸೇರಿ 2018ರಲ್ಲಿ ತಂದವು. ಈಗ ಟಿಸ್ಸೋ ಕಂಪನಿಯ ಪವರ್‌ಮ್ಯಾಟಿಕ್ 80 ಎಂಬ ಮೆಷಿನ್ ಇರುವ ಅನೇಕ ವಾಚುಗಳಲ್ಲಿ, ಹ್ಯಾಮಿಲ್ಟನ್‌ನ ಕೆಲವದರಲ್ಲಿ ಇದೇ ಇರುವುದು. ಅಂಗಡಿಯಲ್ಲಿ ಒಂದೇ ತರಹ ಕಾಣುವ ಎರಡು ಮಾಡೆಲ್ ಎದುರಿಗಿದ್ದರೆ 'ನಿವಾಕ್ರಾನ್ ಉಂಟಾ' ಎಂದು ಕೇಳಿ ಇರುವುದನ್ನೇ ತೆಗೆದುಕೊಳ್ಳಿ. ಆದರೆ ಅದಕ್ಕಾಗಿಯೇ ಇರುವ ವಾಚು ಮಾರಿ ಹೊಸದು ಕೊಳ್ಳುವುದು ನನ್ನ ಪ್ರಕಾರ ದುಡ್ಡು ಹಾಳು.

ಡಯಲ್ ಮೇಲಿನ ಬರಹಕ್ಕೂ ಮೋಸ ಹೋಗಬೇಡಿ. ಎಚ್‌ಎಂಟಿಯ 'ಪ್ಯಾರಾಶಾಕ್', ಹಳೆಯ ಸ್ವಿಸ್ ವಾಚುಗಳ 'ಇಂಕಾಬ್ಲಾಕ್' ಎರಡೂ ಬಿದ್ದಾಗಿನ ಪೆಟ್ಟು ತಡೆಯಲಿಕ್ಕೆ. ಮ್ಯಾಗ್ನೆಟ್‌ಗೂ ಅವಕ್ಕೂ ಸಂಬಂಧ ಇಲ್ಲ.

ಹಾಗಾದರೆ ಯಾರಿಗೆ ಯಾವುದು

ಯಕ್ಷಗಾನ, ಮದುವೆ, ಜಾತ್ರೆಗೆ ಮೈಕ್ ಸೆಟ್ ಹಾಕುವವರು ದಿನಾ ದೊಡ್ಡ ಸ್ಪೀಕರ್ ಬಾಕ್ಸನ್ನು ಎದೆಗೆ ಅವಚಿ ಎತ್ತುತ್ತಾರೆ. ಸ್ಪೀಕರಿನ ಹಿಂದೆ ಇರುವುದು ಪಾವು ಕಿಲೋ, ಅರ್ಧ ಕಿಲೋ ಮ್ಯಾಗ್ನೆಟ್. ಅವರಿಗೆ ನನ್ನ ಸಲಹೆ, ಕೆಲಸಕ್ಕೆ ಹೋಗುವಾಗ ಸೆಲ್ ವಾಚು ಕಟ್ಟಿ. ಮಲ್ಪೆಯಲ್ಲೋ ತಣ್ಣೀರುಬಾವಿಯಲ್ಲೋ ಬೋಟ್ ವೆಲ್ಡಿಂಗ್ ಮಾಡುವವರಿಗೂ ಅಷ್ಟೇ. 200 ಆಂಪಿಯರ್ ಹರಿಯುವ ಕೇಬಲಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಲೆಕ್ಕದ ಪ್ರಕಾರ 40 ಗಾಸ್ ಇರುತ್ತದೆ. ಕೇಬಲನ್ನು ಮುಂಗೈಗೆ ಸುತ್ತಿಕೊಂಡು ಕೆಲಸ ಮಾಡುವ ಅಭ್ಯಾಸ ಇದ್ದರೆ ಅದು ಇನ್ನೂ ಹೆಚ್ಚು. ಮೆಕ್ಯಾನಿಕಲ್ ವಾಚೇ ಬೇಕು, ಕೆಲಸದಲ್ಲೂ ಅದೇ ಬೇಕು ಎನ್ನುವ ಹಟ ಇದ್ದರೆ ಮಾತ್ರ ಸಾವಿರ ಗಾಸ್‌ನ ವಾಚಿಗೆ ಅರ್ಥ ಉಂಟು.

ಉಳಿದ ನಮಗೆಲ್ಲ ಆಗಬೇಕಾದದ್ದು ವಾಚು ಎಲ್ಲಿ ಮಲಗುತ್ತದೆ ಎಂದು ನೋಡುವುದು. ಫೋನಿನ ಮೇಲೆ, ಲ್ಯಾಪ್‌ಟಾಪಿನ ಸ್ಪೀಕರ್ ಹತ್ತಿರ, ಮ್ಯಾಗ್ನೆಟ್ ಬಟನ್ ಇರುವ ಹ್ಯಾಂಡ್‌ಬ್ಯಾಗಿನ ಒಳಗೆ, ಫ್ರಿಜ್ಜಿನ ಮೇಲೆ ಇಡಬೇಡಿ. ಬೈಕಿನ ಟ್ಯಾಂಕಿಗೆ ಮ್ಯಾಗ್ನೆಟ್‌ನಿಂದ ಅಂಟುವ ಬ್ಯಾಗಿನ ಮೇಲೂ ಬೇಡ. ಬಿಪಿಗೆ, ಮಂಡಿ ನೋವಿಗೆ ಒಳ್ಳೆಯದೆಂದು ಮ್ಯಾಗ್ನೆಟ್ ಬ್ರೇಸ್ಲೆಟ್ ಹಾಕಿಕೊಂಡು, ಅದೇ ಕೈಗೆ ಅಜ್ಜನ ಎಚ್‌ಎಂಟಿ ಕಟ್ಟುವವರನ್ನು ಕಂಡಿದ್ದೇನೆ. ಬಿಪಿಯ ಮಾತು ಡಾಕ್ಟರ್ ಹೇಳಲಿ. ವಾಚಿಗಂತೂ ಅದು ಒಳ್ಳೆಯದಲ್ಲ. ಮ್ಯಾಗ್ನೆಟ್‌ನಿಂದ ಅಂಟುವ ಜಾಲರಿ ಬೆಲ್ಟನ್ನು ಮೆಕ್ಯಾನಿಕಲ್ ವಾಚಿಗೆ ಹಾಕುವ ಫ್ಯಾಷನ್ ಬೇರೆ ಶುರುವಾಗಿದೆ. ವಾಚು ಇಡಲೆಂದೇ ಮಾರುವ ಚಂದದ ಡಬ್ಬಿಗಳ ಮುಚ್ಚಳದಲ್ಲೂ ಮ್ಯಾಗ್ನೆಟ್ ಇರುತ್ತದೆ, ಕೊಳ್ಳುವಾಗ ನೋಡಿ.

ಹೊಸ ವಾಚಿಗೆ ಎತ್ತಿಟ್ಟ ದುಡ್ಡು ಇದ್ದರೆ ಗ್ಯಾಸ್ಕೆಟ್‌ಗೆ, ಅಂದರೆ ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ರಿಂಗಿಗೆ, ಹಾಕಿ. ಮ್ಯಾಗ್ನೆಟ್ ತೆಗೆದ ಮೇಲೆ ವಾಚನ್ನು ಎರಡು ದಿನ ಫೋನಿನ ಟೈಮ್‌ಗೋ ಆಕಾಶವಾಣಿಯ ವಾರ್ತೆಗೆ ಮೊದಲಿನ ಪಿಪ್ ಪಿಪ್‌ಗೋ ಹೋಲಿಸಿ ನೋಡಿ. ಸರಿಹೋಗಿದ್ದರೆ ಮುಚ್ಚಳದ ತಂಟೆಗೆ ಹೋಗಬೇಡಿ. ಹಾಗೆಯೇ ಮುಂದೆ ಓಡುತ್ತಿದ್ದರೆ ಹೇರ್‌ಸ್ಪ್ರಿಂಗ್ ಸಿಕ್ಕಾಗಿದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿದೆ. ಆಗ ತೆರೆಸಲೇಬೇಕು. ಡಿಮ್ಯಾಗ್ನೆಟ್ ಮಾಡಿ ಆಗಿದೆ ಎಂದು ರಿಪೇರಿಯವರಿಗೆ ಮೊದಲೇ ಹೇಳಿ, ಅವರಿಗೆ ಹುಡುಕುವ ಕೆಲಸ ಕಡಿಮೆಯಾಗುತ್ತದೆ. ಅವಸರ ಇಲ್ಲದಿದ್ದರೆ ಡಿಸೆಂಬರ್‌ವರೆಗೆ ಕಾಯಿರಿ, ಗಾಳಿ ಒಣಗಿರುತ್ತದೆ. ಮುಚ್ಚಳ ತೆಗೆದದ್ದೇ ಆದರೆ ಹಳೆಯ ರಬ್ಬರ್ ರಿಂಗನ್ನೇ ಮತ್ತೆ ಹಾಕಲು ಬಿಡಬೇಡಿ, ಹೊಸದು ಹಾಕಿಸಿ.